ನೀಲಿ ಶಂಖಪುಷ್ಪದ ಚಹಾ: ಬಣ್ಣ ಕಣ್ಣಿಗೆ ಕಾಣುತ್ತದೆ, ಔಷಧಗುಣ ಎಲ್ಲಿದೆ?

ಅಂಗಳದ ಬಳ್ಳಿ (ತುಮಕೂರು):
ನಮ್ಮ ಮನೆಯ ಕಾಂಪೌಂಡಿನ ಮೇಲೆ ಎಂಟು ವರ್ಷಗಳಿಂದ ನೀಲಿ ಶಂಖಪುಷ್ಪದ ಬಳ್ಳಿ ಹಬ್ಬಿಕೊಂಡಿದೆ. ಬೆಳಿಗ್ಗೆ ದೇವರಿಗೆ ನಾಲ್ಕು ಹೂವು ಕೊಯ್ಯುವುದನ್ನು ಬಿಟ್ಟರೆ ಅದರಿಂದ ಬೇರೆ ಉಪಯೋಗವಿದೆಯೆಂದು ನಾವು ಯೋಚಿಸಿರಲಿಲ್ಲ. ಕಳೆದ ತಿಂಗಳು ನನ್ನ ನಾದಿನಿ ಮಂಗಳೂರಿನಿಂದ ಬರುವಾಗ ಇದೇ ಹೂವನ್ನು ಒಣಗಿಸಿ ತುಂಬಿದ ಪೊಟ್ಟಣವೊಂದನ್ನು ತಂದುಕೊಟ್ಟರು. ಜ್ಞಾಪಕಶಕ್ತಿ ಹೆಚ್ಚುತ್ತದೆ, ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ, ಇದು ಆಯುರ್ವೇದದ ಶಂಖಪುಷ್ಪಿ ಎಂದು ಅದರ ಮೇಲೆ ಅಚ್ಚು ಹಾಕಿದ್ದಾರೆ. ನನ್ನ ಮಗ ಈ ವರ್ಷ ಎಸ್ಸೆಸ್ಸೆಲ್ಸಿ ಓದುತ್ತಿದ್ದಾನೆ ಮತ್ತು ಅತ್ತೆಯವರಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಹಾಗಾಗಿ ಮನೆಯಲ್ಲಿ ಈಗ ಇಬ್ಬರಿಗೂ ದಿನಾ ಈ ಚಹಾ ಕೊಡಬೇಕೆಂಬ ಮಾತು ನಡೆಯುತ್ತಿದೆ.

ನನ್ನ ಪ್ರಶ್ನೆ ಎರಡು. ಪೊಟ್ಟಣದ ಮೇಲಿನ ಮಾತಿಗೆ ಆಧಾರವಿದೆಯೇ? ಮತ್ತು ನಾದಿನಿಯ ಮನೆಯಲ್ಲಿ ಗಾಢ ನೀಲಿಯಾಗಿದ್ದ ಇದೇ ಹೂವಿನ ಚಹಾ ನಮ್ಮ ಬೋರ್‌ವೆಲ್ ನೀರಿನಲ್ಲಿ ಕುದಿಸಿದರೆ ಹಸಿರು ಬಣ್ಣಕ್ಕೆ ತಿರುಗುವುದೇಕೆ? ಹೂವು ಕೆಟ್ಟಿದೆಯೇ?

ನಿತ್ಯ ಓದುಗ:
ನಾವು ಒಂದು ವರ್ಷದಿಂದ ಕುಡಿಯುತ್ತಿದ್ದೇವೆ, ಏನೂ ತೊಂದರೆಯಾಗಿಲ್ಲ.

ರಸಾಯನ ಮೇಷ್ಟ್ರು (ನಿವೃತ್ತ, ಧಾರವಾಡ):
ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ನಿಮ್ಮ ಅಡಿಗೆಮನೆಯಲ್ಲಿಯೇ ಬಗೆಹರಿಯುವ ವಿಷಯ. ಹೂವು ಕೆಟ್ಟಿಲ್ಲ. ಶಂಖಪುಷ್ಪದ ಬಣ್ಣ ಲಿಟ್ಮಸ್ ಕಾಗದದಂತೆ ಆಮ್ಲ ಮತ್ತು ಪ್ರತ್ಯಾಮ್ಲಗಳನ್ನು ಗುರುತಿಸುತ್ತದೆ. ನಿಂಬೆರಸ ಹಿಂಡಿದರೆ ನೇರಳೆಯಾಗಿ, ಇನ್ನೂ ಹಿಂಡಿದರೆ ಕೆಂಪು ಛಾಯೆಗೆ ಬರುತ್ತದೆ; ಶುದ್ಧ ನೀರಿನಲ್ಲಿ ನೀಲಿಯಾಗಿಯೇ ಇರುತ್ತದೆ; ಅಡಿಗೆ ಸೋಡಾ ಹಾಕಿದರೆ ಹಸಿರಿಗೆ ತಿರುಗುತ್ತದೆ; ಸುಣ್ಣದ ತಿಳಿ ಹಾಕಿದರೆ ಹಸಿರನ್ನು ದಾಟಿ ಹಳದಿಯಾಗುತ್ತದೆ.

ತುಮಕೂರಿನ ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂಗಳ ಬೈಕಾರ್ಬೊನೇಟ್ ಹೆಚ್ಚಾಗಿರುತ್ತದೆ. ಅಂಥ ನೀರನ್ನು ಕುದಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಪಾತ್ರೆಯ ತಳದಲ್ಲಿ ಬಿಳಿಯ ಗಸಿ ಕಟ್ಟುತ್ತದೆ ಮತ್ತು ಉಳಿದ ನೀರಿನ ಪಿ.ಎಚ್. ಪ್ರತ್ಯಾಮ್ಲದ ಕಡೆಗೆ ಏರುತ್ತದೆ. ಕರಾವಳಿಯ ಮುರಕಲ್ಲಿನ ಬಾವಿಗಳ ನೀರು ಮೃದುವಾಗಿದ್ದು ಸಾಮಾನ್ಯವಾಗಿ ಆಮ್ಲದ ಕಡೆಗೆ ವಾಲಿರುವುದರಿಂದ ನಿಮ್ಮ ನಾದಿನಿಯವರಿಗೆ ಶುದ್ಧ ನೀಲಿ ಸಿಕ್ಕಿದೆ. ಪರೀಕ್ಷಿಸಬೇಕೆಂದರೆ ಒಂದು ಲೋಟ ಮಳೆನೀರನ್ನೋ ಫಿಲ್ಟರ್ ನೀರನ್ನೋ ಕುದಿಸಿ ಅದೇ ಪೊಟ್ಟಣದ ಹೂವನ್ನು ಹಾಕಿ ನೋಡಿ.

ಹಿತ್ತಲ ಮದ್ದು (ಸಾಗರ):
ಮೇಷ್ಟ್ರೇ, ಬಣ್ಣದ ಮಾತು ಒಪ್ಪಿದೆ. ಆದರೆ ದಾಸವಾಳದ ಎಸಳನ್ನು ಉಜ್ಜಿದರೂ ಆಮ್ಲಕ್ಕೂ ಸೋಪಿನ ನೀರಿಗೂ ಬಣ್ಣ ಬದಲಾಗುತ್ತದೆ. ಶಂಖಪುಷ್ಪದಲ್ಲಿ ಅಂಥ ವಿಶೇಷ ಏನಿದೆ?

ರಸಾಯನ ಮೇಷ್ಟ್ರು:
ವಿಶೇಷ ಇದೆ, ಮತ್ತು ಆ ವಿಶೇಷವನ್ನು ವಿವರಿಸಲು ಸ್ವಲ್ಪ ಜಾಗ ತೆಗೆದುಕೊಳ್ಳುತ್ತೇನೆ, ಕ್ಷಮಿಸಿ.

ದಾಸವಾಳ, ನೇರಳೆಹಣ್ಣು, ಕೆಂಪು ಎಲೆಕೋಸು, ಶಂಖಪುಷ್ಪ ಎಲ್ಲದರ ಬಣ್ಣವೂ ಆಂಥೊಸಯನಿನ್ ಎಂಬ ಒಂದೇ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದ ಹೆಚ್ಚಿನ ಬಣ್ಣಗಳಿಗೆ ಒಂದು ದೌರ್ಬಲ್ಯವಿದೆ. ಆಮ್ಲದಲ್ಲಿ ಅವು ಗಟ್ಟಿಯಾಗಿ ನಿಲ್ಲುತ್ತವೆ, ಆದರೆ ತಟಸ್ಥ ನೀರಿಗೆ ಬಂದ ಕೂಡಲೇ ನೀರಿನ ಅಣು ಆ ಬಣ್ಣದ ಅಣುವಿಗೆ ಸೇರಿಕೊಂಡು ಅದನ್ನು ಬಣ್ಣವಿಲ್ಲದ್ದನ್ನಾಗಿ ಮಾಡಿಬಿಡುತ್ತದೆ. ದಾಸವಾಳದ ನೀರನ್ನು ಇಟ್ಟರೆ ಅದು ಬೇಗ ಮಾಸುವುದು ಇದೇ ಕಾರಣಕ್ಕೆ.

ಶಂಖಪುಷ್ಪದ ನೀಲಿಗೆ ಟರ್ನಾಟಿನ್ ಎಂದು ಹೆಸರು. ಇಂಡೊನೇಷ್ಯಾದ ಟರ್ನಾಟೆ ದ್ವೀಪದ ಹೆಸರಿನಿಂದ ಈ ಬಳ್ಳಿಗೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಕೊಟ್ಟ ಪ್ರಭೇದನಾಮದಿಂದಲೇ ಬಣ್ಣದ ಹೆಸರೂ ಬಂದಿದೆ. ಇದರ ನಡುವೆ ಡೆಲ್ಫಿನಿಡಿನ್ ಎಂಬ ತಿರುಳಿದೆ. ಆ ತಿರುಳಿನ ಮೂರು ಕಡೆ ಗ್ಲೂಕೋಸ್ ಅಂಟಿಕೊಂಡಿದ್ದು, ಅವುಗಳಲ್ಲಿ ಎರಡು ಕಡೆಯಿಂದ ಗ್ಲೂಕೋಸ್, ಕೂಮಾರಿಕ್ ಆಮ್ಲ, ಮತ್ತೆ ಗ್ಲೂಕೋಸ್, ಮತ್ತೆ ಕೂಮಾರಿಕ್ ಆಮ್ಲ ಎಂದು ಪೋಣಿಸಿದ ಸರದಂತೆ ಎರಡು ತೋಳುಗಳು ಹೊರಟಿರುತ್ತವೆ. ಟರ್ನಾಟಿನ್ ಎ1 ಎಂಬ ಅಣುವಿನಲ್ಲಿ ಏಳು ಗ್ಲೂಕೋಸ್ ಮತ್ತು ನಾಲ್ಕು ಕೂಮಾರಿಕ್ ಘಟಕಗಳಿದ್ದು, ಅದರ ಅಣುತೂಕ 2,100ರ ಆಸುಪಾಸಿನಲ್ಲಿದೆ. ಹೂವಿನ ಬಣ್ಣಗಳ ಲೋಕದಲ್ಲಿ ಅದು ಭಾರೀ ಗಾತ್ರವೇ ಸರಿ. ಆ ಎರಡು ತೋಳುಗಳು ಮಡಚಿಕೊಂಡು ಬಂದು, ಚಪ್ಪಟೆಯಾದ ಕೂಮಾರಿಕ್ ಉಂಗುರಗಳನ್ನು ತಿರುಳಿನ ಮೇಲೆ ಮತ್ತು ಕೆಳಗೆ ಮುಚ್ಚಳದಂತೆ ಕೂರಿಸುತ್ತವೆ. ನೀರಿಗೆ ಒಳಗೆ ನುಗ್ಗಲು ದಾರಿ ಸಿಗುವುದಿಲ್ಲ. ಹಾಗಾಗಿ ತಟಸ್ಥ ನೀರಿನಲ್ಲಿಯೂ ನೀಲಿ ಉಳಿಯುತ್ತದೆ. ಮೂವತ್ತು ವರ್ಷ ಪಾಠ ಮಾಡಿದ ಮೇಲೂ ಈ ರಚನೆಯನ್ನು ಹಲಗೆಯ ಮೇಲೆ ಬರೆಯುವಾಗ ನನಗೆ ಆಗುತ್ತಿದ್ದ ಸಂತೋಷ ಕಡಿಮೆಯಾಗಿರಲಿಲ್ಲ.

ಹಿತ್ತಲ ಮದ್ದು:
ಹಾಗಾದರೆ ಬಿಳಿ ಶಂಖಪುಷ್ಪದಲ್ಲಿ ಆ ತೋಳುಗಳಿಲ್ಲ ಎಂದೇ? ನಮ್ಮ ಕಡೆ ಔಷಧಕ್ಕೆ ಬಿಳಿಯದೇ ಶ್ರೇಷ್ಠ ಎನ್ನುತ್ತಾರೆ.

ರಸಾಯನ ಮೇಷ್ಟ್ರು:
ಬಿಳಿಯದರಲ್ಲಿ ತೋಳು ಮಾತ್ರವಲ್ಲ, ಆಂಥೊಸಯನಿನ್ ತಿರುಳೇ ಇಲ್ಲ. ತೋಳಿಲ್ಲದಿರುವುದು ತಿಳಿನೇರಳೆ ಹೂವಿನ ತಳಿಯಲ್ಲಿ: ಅದರಲ್ಲಿ ಡೆಲ್ಫಿನಿಡಿನ್ ಇದೆ, ಆದರೆ ತೋಳು ಬೆಳೆಯಬೇಕಾದ ಎರಡು ಜಾಗಗಳಿಗೆ ಗ್ಲೂಕೋಸ್ ಅಂಟಿಸುವ ಹಂತ ನಡೆಯುವುದಿಲ್ಲವೆಂದು ಜಪಾನಿನ ಸಂಶೋಧಕರು 2003ರಲ್ಲಿ ತೋರಿಸಿದರು. ಬಿಳಿ ಹೂವಿನಲ್ಲಿ ಕೆಂಫೆರಾಲ್, ಕ್ವೆರ್ಸೆಟಿನ್‌ನಂತಹ ಬಣ್ಣ ಕಾಣದ ಫ್ಲೇವನಾಲ್‌ಗಳಿರುತ್ತವೆ. ಅದರ ಕಷಾಯಕ್ಕೆ ನಿಂಬೆ ಹಿಂಡಿದರೆ ಏನೂ ಆಗುವುದಿಲ್ಲ. ಸುಣ್ಣದ ತಿಳಿ ಹಾಕಿದರೆ ಹಳದಿಯಾಗುತ್ತದೆ.

ವೈದ್ಯೆ (ಉಡುಪಿ):
ಈಗ ಮೊದಲ ಪ್ರಶ್ನೆಗೆ ಬರೋಣ. ನಾನು ಇಪ್ಪತ್ತೆರಡು ವರ್ಷಗಳಿಂದ ಆಯುರ್ವೇದ ವೃತ್ತಿಯಲ್ಲಿದ್ದೇನೆ, ಮತ್ತು ಆ ಪೊಟ್ಟಣದ ಮೇಲಿನ ಶಂಖಪುಷ್ಪಿ ಎಂಬ ಪದವೇ ಎಲ್ಲ ಗೊಂದಲದ ಬೇರು ಎಂದು ಹೇಳಬೇಕಾಗಿದೆ.

ಚರಕಸಂಹಿತೆಯಲ್ಲಿ ಬುದ್ಧಿಗೆ ಹಿತವೆಂದು ಹೇಳಿದ ನಾಲ್ಕು ಮೇಧ್ಯ ರಸಾಯನಗಳಲ್ಲಿ ಶಂಖಪುಷ್ಪಿ ಒಂದು. ಆ ಹೆಸರಿನಲ್ಲಿ ದೇಶದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ಗಿಡಗಳು ಬಳಕೆಯಲ್ಲಿವೆ. ಭಾರತ ಸರಕಾರದ ಆಯುರ್ವೇದ ಔಷಧಕೋಶ ಶಂಖಪುಷ್ಪಿ ಎಂದು ಅಂಗೀಕರಿಸಿರುವುದು ಕಾನ್‌ವಾಲ್ವುಲಸ್ ಎಂಬ ಕುಲದ, ನೆಲದ ಮೇಲೆ ಹರಡುವ ಸಣ್ಣ ಗಿಡವನ್ನು. ಕೆಲವರು ನಮ್ಮ ವಿಷ್ಣುಕ್ರಾಂತಿಯನ್ನು ಬಳಸುತ್ತಾರೆ. ಕೇರಳದಲ್ಲಿ ಮತ್ತು ನಮ್ಮ ಕರಾವಳಿಯ ಹಲವು ವೈದ್ಯರಲ್ಲಿ ಈ ಬೇಲಿಬಳ್ಳಿಯೇ ಶಂಖಪುಷ್ಪಿ. ಔಷಧಕೋಶದಲ್ಲಿ ಈ ಬಳ್ಳಿಗೆ ಅಪರಾಜಿತಾ ಎಂಬ ಪ್ರತ್ಯೇಕ ಹೆಸರಿದೆ. ಗಿರಿಕರ್ಣಿಕೆ ಎಂದರೂ ಇದೇ.

ಇದಕ್ಕಿಂತ ಮುಖ್ಯವಾದದ್ದು ಯಾವ ಭಾಗ ಎಂಬ ಪ್ರಶ್ನೆ. ಅಪರಾಜಿತಾ ಎಂದು ನಾವು ಬಳಸುವುದು ಬೇರನ್ನು. ಹೂವನ್ನು ಬಿಸಿನೀರಿಗೆ ಹಾಕಿ ನೀಲಿ ಚಹಾ ಮಾಡಿ ಕುಡಿಯುವ ಪದ್ಧತಿ ನನ್ನ ಗುರುಗಳ ಕಾಲದಲ್ಲಿ ಇರಲಿಲ್ಲ. ಅದು ಥಾಯ್ಲೆಂಡ್ ಮತ್ತು ಮಲೇಷ್ಯಾಗಳಿಂದ ಬಂದದ್ದು. ಬೇರಿಗೆ ಹೇಳಿದ ಗುಣವನ್ನು ಹೂವಿನ ಪೊಟ್ಟಣದ ಮೇಲೆ ಅಚ್ಚು ಹಾಕುವುದನ್ನು ನಾನು ಒಪ್ಪಲಾರೆ.

ಸಂಪ್ರದಾಯಪ್ರಿಯ:
ವೈದ್ಯರೇ, ನೀವೇ ಹೀಗೆ ಹೇಳಿದರೆ ಹೇಗೆ? ಬೇರಿನಲ್ಲಿರುವ ಸತ್ವ ಹೂವಿಗೂ ಏರಿರಲೇಬೇಕಲ್ಲವೇ? ಒಂದೇ ಬಳ್ಳಿ, ಒಂದೇ ರಸ. ಸಾವಿರಾರು ವರ್ಷಗಳ ಅನುಭವವನ್ನು ಒಂದು ಮಾತಿನಲ್ಲಿ ತಳ್ಳಿಹಾಕಬಾರದು.

ವೈದ್ಯೆ (ಉಡುಪಿ):
ತಳ್ಳಿಹಾಕುತ್ತಿಲ್ಲ ಅಣ್ಣಾ, ಅದನ್ನು ಅದು ಇರುವಂತೆ ಪಾಲಿಸಬೇಕೆನ್ನುತ್ತಿದ್ದೇನೆ. ಒಂದೇ ಬಳ್ಳಿ ಒಂದೇ ರಸ ಎನ್ನುವುದಾದರೆ ಮಾವಿನ ಎಲೆಯನ್ನು ತಿಂದು ಹಣ್ಣಿನ ರುಚಿ ಬಂತೆನ್ನಬೇಕಾಗುತ್ತದೆ. ಈ ಬಳ್ಳಿಯ ಬೇರಿಗೂ ಬೀಜಕ್ಕೂ ವಿರೇಚಕ ಗುಣವಿದೆ, ಅಂದರೆ ಹೊಟ್ಟೆಯನ್ನು ಸಡಿಲಿಸುತ್ತವೆ. ಹೂವಿನ ಚಹಾ ಕುಡಿದವರಿಗೆ ಹಾಗಾಗುವುದಿಲ್ಲವೆಂದು ನೀವೇ ಬಲ್ಲಿರಿ.

ಫಾರ್ಮಸಿ ವಿದ್ಯಾರ್ಥಿನಿ (ಮಣಿಪಾಲ):
ಜ್ಞಾಪಕಶಕ್ತಿಯ ಬಗ್ಗೆ ಎಲ್ಲರೂ ಉಲ್ಲೇಖಿಸುವ ಸಂಶೋಧನೆಗಳಲ್ಲಿ ಕೆಲವು ನಮ್ಮ ಊರಿನವೇ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಶರೀರಕ್ರಿಯಾ ವಿಭಾಗದವರು 2000ದಿಂದ ಮುಂದಿನ ಕೆಲವು ವರ್ಷಗಳಲ್ಲಿ ಇದನ್ನು ಪ್ರಕಟಿಸಿದರು. ಇಲಿಮರಿಗಳಿಗೂ ಹರೆಯದ ಇಲಿಗಳಿಗೂ ಶಂಖಪುಷ್ಪದ ಬೇರಿನ ಜಲಸಾರವನ್ನು ಬಾಯಿಯ ಮೂಲಕ ಕೊಟ್ಟಾಗ ಕಲಿಕೆ ಮತ್ತು ನೆನಪಿನ ಪರೀಕ್ಷೆಗಳಲ್ಲಿ ಅವು ಉತ್ತಮವಾದವು. ದೇಹತೂಕದ ಕಿಲೋ ಒಂದಕ್ಕೆ 100 ಮಿಲಿಗ್ರಾಂ ಪ್ರಮಾಣದಲ್ಲಿ 30 ದಿನ ಕೊಟ್ಟಾಗ ನೆನಪಿಗೆ ಸಂಬಂಧಿಸಿದ ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗದಲ್ಲಿ, ನರಕೋಶಗಳ ನಡುವೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಹೆಚ್ಚಿತ್ತೆಂದು 2002ರ ಲೇಖನ ಹೇಳುತ್ತದೆ. 2005ರಲ್ಲಿ ಅಮಿಗ್ಡಲ ಎಂಬ ಭಾಗದ ನರಕೋಶಗಳ ಕವಲುಗಳು ಹೆಚ್ಚು ದಟ್ಟವಾಗಿದ್ದುದನ್ನೂ ಅವರು ತೋರಿಸಿದರು.

ಇದು ಎಚ್ಚರದಿಂದ ಮಾಡಿದ ಒಳ್ಳೆಯ ಕೆಲಸ, ಅದರ ಬಗ್ಗೆ ನನಗೆ ಅಭಿಮಾನವಿದೆ. ಆದರೆ ಅದರಲ್ಲಿ ಬಳಸಿದ್ದು ಬೇರು, ಕುಡಿದದ್ದು ಇಲಿ. ಹೂವಿನ ಚಹಾ ಕುಡಿದ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗೆ ಹೆಚ್ಚು ನೆನಪಿರುತ್ತದೆಂದು ಈ ಲೇಖನಗಳನ್ನು ಮುಂದಿಟ್ಟುಕೊಂಡು ಯಾರೂ ಹೇಳಲಾಗದು.

ಲೆಕ್ಕದವನು:
ಹಾಗಾದರೆ ಬೇರನ್ನೇ ಕೊಡಬಹುದಲ್ಲ? ಕಿಲೋಗೆ 100 ಮಿಲಿಗ್ರಾಂ ಎಂದರೆ 60 ಕಿಲೋ ತೂಕದವರಿಗೆ ದಿನಕ್ಕೆ 6 ಗ್ರಾಂ ಆಯಿತು.

ಫಾರ್ಮಸಿ ವಿದ್ಯಾರ್ಥಿನಿ (ಮಣಿಪಾಲ):
ದಯವಿಟ್ಟು ಹಾಗೆ ಗುಣಿಸಬೇಡಿ. ಇಲಿಯ ಪ್ರಮಾಣವನ್ನು ಮನುಷ್ಯರಿಗೆ ಹೊಂದಿಸುವಾಗ ತೂಕವನ್ನಷ್ಟೇ ನೋಡುವುದಿಲ್ಲ, ದೇಹದ ಮೇಲ್ಮೈಯ ವಿಸ್ತೀರ್ಣವನ್ನು ಲೆಕ್ಕಕ್ಕೆ ತೆಗೆದುಕೊಂಡು ಸುಮಾರು 6.2ರಿಂದ ಭಾಗಿಸುತ್ತಾರೆ. ಆಗ ನಿಮ್ಮ 6 ಗ್ರಾಂ ಒಂದು ಗ್ರಾಂನ ಹತ್ತಿರಕ್ಕೆ ಇಳಿಯುತ್ತದೆ. ಅದೂ ಕೂಡ ಬೇರಿನ ಪುಡಿಯಲ್ಲ, ನೀರಿನಲ್ಲಿ ಇಳಿಸಿ ಒಣಗಿಸಿದ ಸಾರ. ಮತ್ತು ಈ ಲೆಕ್ಕವಿರುವುದು ಸಂಶೋಧಕರು ಮನುಷ್ಯರ ಮೇಲಿನ ಮೊದಲ ಪರೀಕ್ಷೆಗೆ ಎಲ್ಲಿಂದ ಪ್ರಾರಂಭಿಸಬೇಕೆಂದು ಅಂದಾಜು ಮಾಡಲು. ಮನೆಯಲ್ಲಿ ಮಕ್ಕಳಿಗೆ ಅಳೆದು ಕೊಡುವುದಕ್ಕಲ್ಲ.

ಲೆಕ್ಕದವನು:
ತಿದ್ದಿದ್ದಕ್ಕೆ ಧನ್ಯವಾದಗಳು. ಆರು ಪಟ್ಟು ತಪ್ಪಾಗುತ್ತಿತ್ತು.

ಅಂಗಳದ ಬಳ್ಳಿ (ತುಮಕೂರು):
ಎಲ್ಲರಿಗೂ ಧನ್ಯವಾದಗಳು. ಮಗನ ವಿಷಯ ಅರ್ಥವಾಯಿತು. ಅತ್ತೆಯವರ ಸಕ್ಕರೆ ಕಾಯಿಲೆಯ ಬಗ್ಗೆ ಯಾರೂ ಹೇಳಲಿಲ್ಲ.

ನಿತ್ಯ ಓದುಗ:
ಸಕ್ಕರೆ ಖಂಡಿತ ಇಳಿಯುತ್ತದೆ, ಬ್ಯಾಂಕಾಕಿನಲ್ಲಿ ಮನುಷ್ಯರ ಮೇಲೆಯೇ ಪ್ರಯೋಗವಾಗಿದೆಯೆಂದು ಓದಿದ್ದೇನೆ.

ಫಾರ್ಮಸಿ ವಿದ್ಯಾರ್ಥಿನಿ (ಮಣಿಪಾಲ):
ಆ ಪ್ರಯೋಗ ನಿಜ. ಥಾಯ್ಲೆಂಡಿನ ಚುಲಾಲೊಂಗ್‌ಕಾರ್ನ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದರು, ಮತ್ತು ಅದು ಹೂವಿನ ಸಾರದ ಮೇಲೆಯೇ ನಡೆದದ್ದು. ಆದರೆ ಅದರ ವಿವರವನ್ನು ಪೂರ್ತಿಯಾಗಿ ಓದಬೇಕು. ಭಾಗವಹಿಸಿದ್ದು 15 ಮಂದಿ ಆರೋಗ್ಯವಂತ ಗಂಡಸರು. ಅವರಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇರಲಿಲ್ಲ. ಅವರಿಗೆ 50 ಗ್ರಾಂ ಸಕ್ಕರೆ ಕರಗಿಸಿದ ನೀರನ್ನು ಒಮ್ಮೆ ಹಾಗೆಯೇ, ಇನ್ನೊಮ್ಮೆ ಒಂದು ಗ್ರಾಂ ಅಥವಾ ಎರಡು ಗ್ರಾಂ ಸಾರ ಸೇರಿಸಿ ಕೊಟ್ಟರು. ಸಾರ ಸೇರಿಸಿದಾಗ ರಕ್ತದ ಗ್ಲೂಕೋಸ್ ಮತ್ತು ಇನ್ಸುಲಿನ್ ಏರಿಕೆ ಕಡಿಮೆಯಾಗಿತ್ತು. ಸಕ್ಕರೆಯಿಲ್ಲದೆ ಬರೀ ಸಾರ ಕೊಟ್ಟಾಗ ಖಾಲಿ ಹೊಟ್ಟೆಯ ಗ್ಲೂಕೋಸಿನಲ್ಲಿ ಬದಲಾವಣೆ ಕಾಣಲಿಲ್ಲ.

ಪಿಷ್ಟವನ್ನೂ ಸಕ್ಕರೆಯನ್ನೂ ಒಡೆಯುವ ಕಿಣ್ವಗಳನ್ನು ಈ ಹೂವಿನ ಸಾರ ತಡೆಯುತ್ತದೆಂದು ಗಾಜಿನ ನಳಿಗೆಯ ಪ್ರಯೋಗಗಳು ತೋರಿಸಿವೆ, ಮತ್ತು ಮೇಲಿನ ಫಲಿತಾಂಶ ಅದಕ್ಕೆ ಹೊಂದುತ್ತದೆ. ಆದರೆ ಅದು ಒಂದು ಹೊತ್ತಿನ ಸಿಹಿ ಪಾನೀಯದ ಮೇಲಿನ ಪರಿಣಾಮ. ಹನ್ನೆರಡು ವರ್ಷಗಳ ಕಾಯಿಲೆಯ ಮೇಲೆ, ಮಾತ್ರೆಯ ಜತೆಗೆ, ತಿಂಗಳುಗಟ್ಟಲೆ ಕುಡಿದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಆ ಪ್ರಯೋಗ ಕೇಳಲೇ ಇಲ್ಲ.

ಮಗಳು (ಬೆಂಗಳೂರು):
ಇಲ್ಲಿ ನನ್ನ ತಂದೆಯವರ ಸಂಗತಿಯನ್ನು ಹೇಳಲೇಬೇಕು. ಅವರು ಇದೇ ನೀಲಿ ಚಹಾವನ್ನು ನಂಬಿ, ನಮಗೆ ಯಾರಿಗೂ ಹೇಳದೆ ರಾತ್ರಿಯ ಮಾತ್ರೆಯನ್ನು ಬಿಟ್ಟಿದ್ದರು. ಎರಡು ತಿಂಗಳ ಮೇಲೆ ಕಾಲಿನ ಸಣ್ಣ ಗಾಯ ಮಾಯದೆ ಆಸ್ಪತ್ರೆಗೆ ಹೋದಾಗ ಸಕ್ಕರೆ ಮುನ್ನೂರನ್ನು ದಾಟಿತ್ತು. ಚಹಾ ಅವರಿಗೆ ಕೆಡುಕು ಮಾಡಲಿಲ್ಲ, ಮಾತ್ರೆ ಬಿಟ್ಟದ್ದು ಮಾಡಿತು. ಅತ್ತೆಯವರಿಗೆ ಚಹಾ ಕೊಟ್ಟರೂ ಮಾತ್ರೆಯ ಡಬ್ಬಿಯನ್ನು ನೀವೇ ಎಣಿಸಿ, ಅಕ್ಕಾ.

ಅಂಗಳದ ಬಳ್ಳಿ (ತುಮಕೂರು):
ಎಣಿಸುತ್ತೇನೆ. ತಂದೆಯವರು ಈಗ ಹೇಗಿದ್ದಾರೆ?

ಮಗಳು (ಬೆಂಗಳೂರು):
ಗಾಯ ಮಾಯ್ದಿದೆ, ಕೇಳಿದ್ದಕ್ಕೆ ಧನ್ಯವಾದ.

ಸಿಂಗಪುರ ಕನ್ನಡಿಗ:
ಇಲ್ಲಿ ಈ ಹೂವಿಗೆ ಮಲಯ ಭಾಷೆಯಲ್ಲಿ ಬುಂಗಾ ತೆಲಾಂಗ್ ಎನ್ನುತ್ತಾರೆ. ಯಾರೂ ಇದನ್ನು ಔಷಧಕ್ಕೆಂದು ತಿನ್ನುವುದಿಲ್ಲ, ಬಣ್ಣಕ್ಕೆಂದು ತಿನ್ನುತ್ತಾರೆ. ಪೆರಾನಕಾನ್ ಎಂಬ, ತಲೆಮಾರುಗಳಿಂದ ಇಲ್ಲಿ ನೆಲೆಸಿದ ಚೀನೀ ಮೂಲದವರ ಮನೆಗಳಲ್ಲಿ ಅಂಟಕ್ಕಿಯ ಸಿಹಿತಿಂಡಿಗಳಿಗೆ ಅಲ್ಲಲ್ಲಿ ನೀಲಿ ಮಚ್ಚೆ ಹಾಕುತ್ತಾರೆ, ಮಲೇಷ್ಯಾದ ಕೆಲಾಂತಾನಿನಲ್ಲಿ ನಾಸಿ ಕೆರಾಬು ಎಂಬ ನೀಲಿ ಅನ್ನ ಮಾಡುತ್ತಾರೆ.

ಆದರೆ ನನಗೆ ಹೆಚ್ಚು ಹೆಮ್ಮೆಯೆನಿಸುವ ಸಂಗತಿ ಬೇರೆ. ಇಲ್ಲಿನ ನನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದವರು ಈ ಬಳ್ಳಿಯ ಕಾಯಿಯಿಂದ ಒಂದು ಕಿಣ್ವವನ್ನು ಬೇರ್ಪಡಿಸಿ 2014ರಲ್ಲಿ ಪ್ರಕಟಿಸಿದರು. ಬುಂಗಾ ತೆಲಾಂಗ್ ಎಂಬ ಹೆಸರಿನ ಅಕ್ಷರಗಳಿಂದಲೇ ಅದಕ್ಕೆ ಬ್ಯುಟಿಲೇಸ್-1 ಎಂದು ಹೆಸರಿಟ್ಟರು. ಪ್ರೋಟೀನಿನ ಸರಪಳಿಯ ತುದಿಯಲ್ಲಿ ಆಸ್ಪರಜಿನ್, ಅದರ ಹಿಂದೆ ಹಿಸ್ಟಿಡಿನ್ ಮತ್ತು ವೇಲಿನ್ ಎಂಬ ಅಮೈನೊ ಆಮ್ಲಗಳ ಬಾಲವಿದ್ದರೆ, ಈ ಕಿಣ್ವ ಆ ಬಾಲವನ್ನು ಕತ್ತರಿಸಿ ತುದಿಯನ್ನು ತಲೆಗೆ ಜೋಡಿಸಿ ಬಳೆಯಾಗಿಸುತ್ತದೆ. ಆಗ ತಿಳಿದಿದ್ದ ಇಂಥ ಜೋಡಣೆಯ ಕಿಣ್ವಗಳಲ್ಲಿ ಇದೇ ಅತ್ಯಂತ ವೇಗದ್ದಾಗಿತ್ತು. ಪ್ರೋಟೀನ್ ಔಷಧಗಳನ್ನು ಬಳೆಯಾಗಿಸಲು, ಒಂದು ಪ್ರೋಟೀನಿಗೆ ಇನ್ನೊಂದು ಅಣುವನ್ನು ಬೆಸೆಯಲು ಪ್ರಯೋಗಾಲಯಗಳು ಈಗ ಇದನ್ನು ಬಳಸುತ್ತಿವೆ. ನನ್ನ ಅಭಿಪ್ರಾಯದಲ್ಲಿ ಈ ಬಳ್ಳಿಯ ಔಷಧದ ಭವಿಷ್ಯ ಚಹಾದ ಲೋಟಕ್ಕಿಂತ ಹೆಚ್ಚಾಗಿ ಇಲ್ಲಿದೆ.

ಹಿತ್ತಲ ಮದ್ದು (ಸಾಗರ):
ಬಳ್ಳಿಗೆ ಅಂಥ ಕಿಣ್ವದ ಅಗತ್ಯವಾದರೂ ಏನು? ಅದಕ್ಕೆ ಬಳೆ ಮಾಡಿಕೊಂಡು ಆಗಬೇಕಾದದ್ದೇನು?

ಸಿಂಗಪುರ ಕನ್ನಡಿಗ:
ಹುಳುಗಳಿಂದ ರಕ್ಷಣೆ. ಸುಮಾರು ಮೂವತ್ತು ಅಮೈನೊ ಆಮ್ಲಗಳ ಸರಪಳಿಯ ಎರಡು ತುದಿಗಳನ್ನು ಜೋಡಿಸಿ, ನಡುವೆ ಗಂಧಕದ ಮೂರು ಬೆಸುಗೆಗಳನ್ನು ಹಾಕಿದ ಸೈಕ್ಲೊಟೈಡ್ ಎಂಬ ಪ್ರೋಟೀನುಗಳನ್ನು ಬಳ್ಳಿ ತಯಾರಿಸುತ್ತದೆ. ತುದಿಯೇ ಇಲ್ಲದ ಕಾರಣ, ತುದಿಯಿಂದ ಕತ್ತರಿಸುತ್ತಾ ಬರುವ ಜೀರ್ಣಕಿಣ್ವಗಳಿಗೆ ಅವು ಸುಲಭವಾಗಿ ಬಗ್ಗುವುದಿಲ್ಲ. ದ್ವಿದಳ ಧಾನ್ಯಗಳ ಕುಟುಂಬದಲ್ಲಿ ಇಂಥ ಪ್ರೋಟೀನು ಇರುವುದು 2011ರಲ್ಲಿ ಈ ಬಳ್ಳಿಯಿಂದಲೇ ಗೊತ್ತಾಯಿತು. ಅವುಗಳಲ್ಲಿ ಒಂದು ಹೆಲಿಕೊವರ್ಪ ಹುಳುವಿಗೆ ವಿಷವೆಂದು ಆಗಲೇ ತೋರಿಸಿದ್ದರು.

ತೊಗರಿ ಬೆಳೆಗಾರ (ಕಲಬುರಗಿ):
ಹೆಲಿಕೊವರ್ಪ ಎಂದರೆ ನಮ್ಮ ತೊಗರಿಯ ಕಾಯಿಕೊರಕ! ಆ ಹುಳುವಿಗೆ ನಾವು ಪ್ರತಿ ವರ್ಷ ಹೂ ಬಿಡುವ ಹೊತ್ತಿನಿಂದ ಸಿಂಪಡಣೆ ಮಾಡುತ್ತಲೇ ಇರಬೇಕು. ಬೇಲಿಯ ಮೇಲಿನ ಹೂಬಳ್ಳಿಯಲ್ಲಿ ಅದರ ಮದ್ದು ಇದ್ದರೆ ಅದನ್ನು ಅರೆದು ಸಿಂಪಡಿಸಬಹುದೇ?

ಸಿಂಗಪುರ ಕನ್ನಡಿಗ:
ಆಸ್ಟ್ರೇಲಿಯಾದಲ್ಲಿ ಈ ಬಳ್ಳಿಯ ಸಾರದಿಂದ ಮಾಡಿದ ಸೀರೊ-ಎಕ್ಸ್ ಎಂಬ ಕೀಟನಾಶಕ ಹತ್ತಿ ಬೆಳೆಗೆ ಬಳಕೆಯಲ್ಲಿದೆ. ಆದರೆ ಅದು ಕಾರ್ಖಾನೆಯಲ್ಲಿ ಸಾರ ಇಳಿಸಿ, ಪ್ರಮಾಣ ನಿಗದಿಪಡಿಸಿ ತಯಾರಿಸಿದ ವಸ್ತು. ಮನೆಯಲ್ಲಿ ಅರೆದದ್ದರಲ್ಲಿ ಎಷ್ಟು ಸತ್ವ ಬರುತ್ತದೆಂದು ಅಳೆಯುವ ದಾರಿ ರೈತರ ಕೈಯಲ್ಲಿಲ್ಲ. ನಂಬಿಕೊಂಡು ಒಂದು ಸಿಂಪಡಣೆಯನ್ನು ತಪ್ಪಿಸಿದರೆ ಬೆಳೆಯೇ ಹೋದೀತು.

ತೊಗರಿ ಬೆಳೆಗಾರ (ಕಲಬುರಗಿ):
ಸರಿ, ಬದುವಿನ ಮೂಲೆಯ ನಾಲ್ಕು ಸಾಲಿನಲ್ಲಿ ಮಾತ್ರ ಪ್ರಯತ್ನಿಸಿ ನೋಡುತ್ತೇನೆ, ಉಳಿದ ಹೊಲಕ್ಕೆ ಎಂದಿನ ಮದ್ದೇ. ಒಂದು ಮಾತು ಸೇರಿಸುತ್ತೇನೆ: ಇದೇ ಬಳ್ಳಿಯ ಸೊಪ್ಪನ್ನು ನಮ್ಮ ಎಮ್ಮೆ ಇಷ್ಟಪಟ್ಟು ತಿನ್ನುತ್ತದೆ. ಹುಳುವಿಗೆ ವಿಷವಾದದ್ದು ಎಮ್ಮೆಗೆ ಮೇವು ಹೇಗಾಯಿತು?

ರಸಾಯನ ಮೇಷ್ಟ್ರು:
ಒಳ್ಳೆಯ ಪ್ರಶ್ನೆ. ಇದನ್ನು ಮೇವಿನ ಬೆಳೆಯಾಗಿ ಹಲವು ದೇಶಗಳಲ್ಲಿ ಬೆಳೆಯುತ್ತಾರೆ. ಸೈಕ್ಲೊಟೈಡ್‌ಗಳು ಹುಳುವಿನ ಕರುಳಿನ ಜೀವಕೋಶಗಳ ಪೊರೆಗೆ ಅಂಟಿಕೊಂಡು ಅದನ್ನು ತೂತು ಮಾಡುತ್ತವೆ. ಹುಳುವಿನ ಗಾತ್ರಕ್ಕೆ ಅದು ತಿನ್ನುವ ಪ್ರಮಾಣ ಬಹಳ ದೊಡ್ಡದು. ಎಮ್ಮೆಯ ದೇಹ ಬೇರೆ, ಅದರ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳ ಸೈನ್ಯವೂ ಬೇರೆ.

ಸಂಪ್ರದಾಯಪ್ರಿಯ:
ಎಮ್ಮೆ ತಿಂದು ಚೆನ್ನಾಗಿದೆಯೆಂದ ಮೇಲೆ ಮನುಷ್ಯರಿಗೂ ನಿರ್ಭಯ ಎಂದಾಯಿತು. ಪ್ರಕೃತಿಯಲ್ಲಿ ಬೆಳೆದದ್ದು ಕೆಡುಕು ಮಾಡುವುದಿಲ್ಲ.

ವೈದ್ಯೆ (ಉಡುಪಿ):
ಕಣಗಿಲೆಯೂ ಪ್ರಕೃತಿಯಲ್ಲಿಯೇ ಬೆಳೆಯುತ್ತದೆ, ಅದನ್ನೂ ಬೇಲಿಗೆ ನೆಡುತ್ತೇವೆ. ಅದರ ಎಲೆಯನ್ನು ಯಾರಾದರೂ ಕಷಾಯ ಮಾಡುತ್ತಾರೆಯೇ?

ಶಂಖಪುಷ್ಪ ಕಣಗಿಲೆಯಂತೆ ಅಪಾಯಕಾರಿಯಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಆದರೆ ಗರ್ಭಿಣಿಯರಿಗೆ ನಾನು ಇದನ್ನು ಯಾವ ರೂಪದಲ್ಲಿಯೂ ಕೊಡುವುದಿಲ್ಲ, ಮತ್ತು ಮೇಲೆ ಬಂದ ಸೈಕ್ಲೊಟೈಡ್‌ನ ಮಾತು ಅದಕ್ಕೊಂದು ಕಾರಣವನ್ನು ಕೊಡುತ್ತದೆ. ಈ ವರ್ಗದ ಪ್ರೋಟೀನು ಮೊದಲು ಗಮನಕ್ಕೆ ಬಂದದ್ದೇ ಹೆರಿಗೆಮನೆಯಿಂದ. 1960ರ ದಶಕದಲ್ಲಿ ಕಾಂಗೊದಲ್ಲಿ ಸೇವೆಗೆ ಹೋಗಿದ್ದ ನಾರ್ವೆಯ ವೈದ್ಯ ಲೊರೆಂಟ್ಸ್ ಗ್ರಾನ್, ಅಲ್ಲಿನ ಹೆಂಗಸರು ಹೆರಿಗೆ ಬೇಗ ಆಗಲೆಂದು ಒಂದು ಗಿಡದ ಕಷಾಯವನ್ನು ಕುಡಿಯುವುದನ್ನು ಕಂಡರು. ಅದು ಬೇರೆ ಗಿಡ, ಕಾಫಿಯ ಕುಟುಂಬಕ್ಕೆ ಸೇರಿದ ಓಲ್ಡೆನ್‌ಲಾಂಡಿಯಾ. ಗರ್ಭಕೋಶವನ್ನು ಸಂಕುಚಿಸುವ ಅದರ ಸತ್ವ ಕುದಿಸಿದರೂ ನಾಶವಾಗದ ಪ್ರೋಟೀನೆಂದು ಗೊತ್ತಾಯಿತು. ಅದು ಬಳೆಯಾಕಾರದ್ದೆಂಬುದು ಸ್ಪಷ್ಟವಾಗಲು 1995ರವರೆಗೆ ಕಾಯಬೇಕಾಯಿತು. ಶಂಖಪುಷ್ಪದ ಸೈಕ್ಲೊಟೈಡ್‌ಗಳೆಲ್ಲವೂ ಹೀಗೆಯೇ ಕೆಲಸ ಮಾಡುತ್ತವೆಂದು ನಾನು ಹೇಳುತ್ತಿಲ್ಲ. ಕುದಿಸಿದರೆ ಎಲ್ಲವೂ ಸತ್ತುಹೋಗುತ್ತದೆ ಎಂಬ ನಮ್ಮ ರೂಢಿಯ ಧೈರ್ಯ ಇಲ್ಲಿ ಸಲ್ಲುವುದಿಲ್ಲ ಎನ್ನುತ್ತಿದ್ದೇನೆ.

ನಿತ್ಯ ಓದುಗ:
ಆದರೆ ಅಮೆರಿಕದ ಸರಕಾರವೇ ಒಪ್ಪಿಗೆ ಕೊಟ್ಟಿದೆಯಲ್ಲ?

ಫಾರ್ಮಸಿ ವಿದ್ಯಾರ್ಥಿನಿ (ಮಣಿಪಾಲ):
ಕೊಟ್ಟಿದೆ, ಯಾವುದಕ್ಕೆಂದು ನೋಡಬೇಕು. ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 2021ರಲ್ಲಿ ಒಪ್ಪಿದ್ದು ಒಣ ಎಸಳುಗಳಿಂದ ನೀರಿನಲ್ಲಿ ಇಳಿಸಿದ ಸಾರವನ್ನು, ಆಹಾರದ ಬಣ್ಣವಾಗಿ. ಔಷಧವಾಗಿ ಅಲ್ಲ. ಮತ್ತೊಂದು ಕಡೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ, ಒಣಗಿಸಿದ ಇಡೀ ಹೂವನ್ನು ಮಾರಲು ಬಂದ ಮನವಿಗೆ 2022ರಲ್ಲಿ ಸುರಕ್ಷತೆಯ ಆಕ್ಷೇಪ ಎತ್ತಿತು, ಮತ್ತು ಅದಕ್ಕೆ ಕೊಟ್ಟ ಕಾರಣ ಈ ಸೈಕ್ಲೊಟೈಡ್‌ಗಳೇ. ಎರಡು ಸಂಸ್ಥೆಗಳು ಒಂದಕ್ಕೊಂದು ವಿರುದ್ಧ ಮಾತನಾಡಿದಂತೆ ಕಂಡರೂ, ಒಂದರ ಮುಂದಿದ್ದದ್ದು ಎಸಳಿನ ಜಲಸಾರ, ಇನ್ನೊಂದರ ಮುಂದಿದ್ದದ್ದು ಇಡೀ ಹೂವು.

ಹಿತ್ತಲ ಮದ್ದು (ಸಾಗರ):
ಇಷ್ಟೆಲ್ಲ ಓದಿದ ಮೇಲೆ ಒಂದು ಸಂಶಯ. ಮೇಷ್ಟ್ರು ಅಷ್ಟು ಚೆಂದವಾಗಿ ವಿವರಿಸಿದ ಆ ಟರ್ನಾಟಿನ್ ನಮ್ಮ ರಕ್ತಕ್ಕೆ ಸೇರಿ ಕೆಲಸ ಮಾಡುತ್ತದೆಯೇ, ಇಲ್ಲವೇ?

ರಸಾಯನ ಮೇಷ್ಟ್ರು:
ಆಂಥೊಸಯನಿನ್‌ಗಳು ಸಾಮಾನ್ಯವಾಗಿ ಇದ್ದ ಹಾಗೆಯೇ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ದೊಡ್ಡ ಭಾಗ ದೊಡ್ಡಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳ ಕೈಯಲ್ಲಿ ಒಡೆದು ಸಣ್ಣ ಫೀನಾಲಿಕ್ ಆಮ್ಲಗಳಾಗುತ್ತದೆ. ಹಾಗಾಗಿ ಪ್ರಯೋಗಾಲಯದ ನಳಿಗೆಯಲ್ಲಿ ಈ ನೀಲಿ ಎಷ್ಟು ಉತ್ಕರ್ಷಣವನ್ನು ತಡೆಯಿತೆಂಬ ಅಂಕಿಯನ್ನು ನಮ್ಮ ರಕ್ತಕ್ಕೆ ಅನ್ವಯಿಸಿ ಜಾಹೀರಾತು ಮಾಡುವುದು ಸರಿಯಲ್ಲ. ಸಕ್ಕರೆಯ ಪ್ರಯೋಗದಲ್ಲಿ ಪರಿಣಾಮ ಕಂಡದ್ದು ಕೂಡ ಬಹುಶಃ ಕರುಳಿನ ಒಳಗೆಯೇ, ಕಿಣ್ವವನ್ನು ತಡೆಯುವುದರಿಂದ. ಅದಕ್ಕೆ ರಕ್ತಕ್ಕೆ ಸೇರುವ ಅಗತ್ಯವೇ ಇಲ್ಲ.

ಅಂಗಳದ ಬಳ್ಳಿ (ತುಮಕೂರು):
ಮೇಷ್ಟ್ರೇ, ನೀವು ಹೇಳಿದಂತೆ ಇವತ್ತು ಮಾಡಿ ನೋಡಿದೆವು. ಮಗ ಆರು ಗಾಜಿನ ಲೋಟಗಳನ್ನು ಸಾಲಾಗಿ ಇಟ್ಟ. ಫಿಲ್ಟರ್ ನೀರಿನದು ಪೂರ್ತಿ ನೀಲಿ, ಬೋರ್‌ವೆಲ್ಲಿನದು ಹಸಿರು. ಬೋರ್‌ವೆಲ್ ನೀರಿನ ಲೋಟಕ್ಕೆ ನಾಲ್ಕು ಹನಿ ನಿಂಬೆರಸ ಬಿಟ್ಟಾಗ ಹಸಿರು ಮತ್ತೆ ನೀಲಿಗೆ ಬಂದು, ಇನ್ನೆರಡು ಹನಿಗೆ ನೇರಳೆಯಾಯಿತು. ಅತ್ತೆಯವರು ತಾಂಬೂಲದ ಸುಣ್ಣವನ್ನು ತಂದು ತಾವೇ ಒಂದು ಲೋಟಕ್ಕೆ ಹಾಕಿ, ಹಳದಿಯಾದದ್ದನ್ನು ನೋಡಿ ಮಕ್ಕಳಂತೆ ನಕ್ಕರು. ಮಗ ಇದನ್ನೇ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇಡುತ್ತೇನೆಂದು ಕುಳಿತಿದ್ದಾನೆ, ಬಿಳಿ ಹೂವಿನ ಕಷಾಯವೂ ಪಕ್ಕದಲ್ಲಿ ಇರಬೇಕಂತೆ. ನಮ್ಮ ಬೀದಿಯಲ್ಲಿ ಎಲ್ಲೂ ಬಿಳಿಯದು ಇಲ್ಲ. ಯಾರಾದರೂ ಬೀಜ ಕೊಡಬಲ್ಲಿರಾ?

ಹಿತ್ತಲ ಮದ್ದು (ಸಾಗರ):
ನಮ್ಮಲ್ಲಿ ಬೇಕಾದಷ್ಟಿದೆ, ಅಂಚೆಯಲ್ಲಿ ಕಳಿಸುತ್ತೇನೆ. ನೀಲಿಯ ಪಕ್ಕದಲ್ಲಿ ಬೆಳೆದರೂ ಬೀಜದಿಂದ ಬಿಳಿಯದೇ ಬರುತ್ತಿದೆ, ಇದುವರೆಗೆ ಒಮ್ಮೆಯೂ ಬೆರೆತಿಲ್ಲ.

ರಸಾಯನ ಮೇಷ್ಟ್ರು:
ಈ ಹೂವಿನಲ್ಲಿ ಪರಾಗಸ್ಪರ್ಶ ಬಹುಪಾಲು ಅದರೊಳಗೇ ಮುಗಿದುಹೋಗುತ್ತದೆ, ಅದಕ್ಕೇ ಬೆರೆಯುವುದು ಅಪರೂಪ. ಬೀಜದ ಸಿಪ್ಪೆ ಗಟ್ಟಿಯಾಗಿರುವುದರಿಂದ ಉಪ್ಪುಕಾಗದದಲ್ಲಿ ಒಂದು ಬದಿಯನ್ನು ಮೆಲ್ಲಗೆ ಉಜ್ಜಿ, ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಊರಿ.

ವೈದ್ಯೆ (ಉಡುಪಿ):
ನೆನೆಹಾಕಿದ ಬಟ್ಟಲನ್ನು ಚಿಕ್ಕ ಮಕ್ಕಳಿಗೆ ಎಟುಕದ ಕಡೆ ಇಡಿ. ನೆಂದ ಬೀಜ ಅವರೆಕಾಳಿನಂತೆ ಕಾಣುತ್ತದೆ, ಬಾಯಿಗೆ ಹಾಕಿಕೊಂಡರೆ ಭೇದಿ ಹಿಡಿಯುತ್ತದೆ.

ಅಂಗಳದ ಬಳ್ಳಿ (ತುಮಕೂರು):
ಆಗಲಿ ವೈದ್ಯರೇ, ದೇವರಮನೆಯ ಮೇಲಿನ ಗೂಡಿನಲ್ಲಿ ಇಡುತ್ತೇನೆ. ಸಾಗರದ ಅಕ್ಕಾ, ವಿಳಾಸವನ್ನು ಪ್ರತ್ಯೇಕವಾಗಿ ಕಳಿಸಿದ್ದೇನೆ.